ಅಷ್ಟೊಂದು ಬುದ್ಧಿ ಇದ್ದರೂ ಒರಾಂಗುಟಾನ್ ಯಾಕೆ ಕಡಿಮೆಯಾಗುತ್ತಿದೆ?

ಆಗ್ನೇಯ ಏಷ್ಯಾದ ಬೋರ್ನಿಯೋ, ಸುಮಾತ್ರಾ ದ್ವೀಪಗಳ ಕಾಡಿನಲ್ಲಿರುವ ದೊಡ್ಡ ವಾನರ ಒರಾಂಗುಟಾನ್ ಬಗ್ಗೆ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ: "ಅಷ್ಟು ಬುದ್ಧಿವಂತ ಪ್ರಾಣಿ ಅಂತೀರಿ. ಹಾಗಾದರೆ ಹೇಗಾದರೂ ಬದುಕಿಕೊಳ್ಳಬೇಕಿತ್ತಲ್ವಾ? ಯಾಕೆ ಕಡಿಮೆಯಾಗುತ್ತಿದೆ?"

ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇಷ್ಟು: ಒರಾಂಗುಟಾನ್ ಬದುಕಲು ಬೇಕಾದ ತಿಳಿವಳಿಕೆಯಲ್ಲಿ ಬಹುಪಾಲು ಅಮ್ಮನ ಮೈಗೆ ಅಂಟಿಕೊಂಡು, ನೋಡಿ ನೋಡಿ ಕಲಿತದ್ದು. ಅದನ್ನು ಕಲಿಯಲು ಏಳೆಂಟು ವರ್ಷ ಬೇಕು. ಇಷ್ಟು ನಿಧಾನವಾಗಿ ಬೆಳೆಯುವ ಪ್ರಾಣಿಗೆ, ನಾವು ಕೊಲ್ಲುವ ವೇಗದಲ್ಲಿ ತನ್ನ ಸಂಖ್ಯೆಯನ್ನು ತುಂಬಿಕೊಳ್ಳಲು ಆಗುವುದೇ ಇಲ್ಲ.

ಮೊದಲು ಬುದ್ಧಿಯ ಮಾತು. ಅಮೆರಿಕದ ಒಮಾಹಾ ಮೃಗಾಲಯದಲ್ಲಿ 1968ರಲ್ಲಿ ಫೂ ಮಂಚು ಎಂಬ ಒರಾಂಗುಟಾನ್ ಮತ್ತೆ ಮತ್ತೆ ಆವರಣದಿಂದ ಹೊರಬರುತ್ತಿತ್ತು. ಬಾಗಿಲು ಹಾಕಲು ಸಿಬ್ಬಂದಿ ಮರೆತಿದ್ದಾರೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಕಾದು ನೋಡಿದಾಗ ಗೊತ್ತಾಯಿತು: ಅದು ಬಾಗಿಲಿನ ಸಂದಿಯಲ್ಲಿ ತಂತಿ ತೂರಿಸಿ ಚಿಲಕ ತೆಗೆಯುತ್ತಿತ್ತು. ತಂತಿಯನ್ನು ಕೆಳತುಟಿ ಮತ್ತು ವಸಡಿನ ನಡುವೆ ಬಚ್ಚಿಟ್ಟುಕೊಂಡಿತ್ತು. ಚಿಲಕ ತೆಗೆದದ್ದಕ್ಕಿಂತ ಆ ತಂತಿಯನ್ನು ಬಚ್ಚಿಟ್ಟದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ನಾಳೆಯ ಕೆಲಸಕ್ಕೆ ಇವತ್ತೇ ಎತ್ತಿಟ್ಟುಕೊಳ್ಳುವ ಯೋಚನೆ ಅದು.

ಕಾಡಿನಲ್ಲಿರುವ ಒರಾಂಗುಟಾನ್‌ಗಳ ಕತೆ ಇನ್ನೂ ಚೆಂದ. ಸುಮಾತ್ರಾದ ಗುನುಂಗ್ ಲೆಯುಸರ್ ರಾಷ್ಟ್ರೀಯ ಉದ್ಯಾನದಲ್ಲಿ ಸುವಾಕ್ ಎಂಬ ಜೌಗು ಕಾಡಿದೆ. ಅಲ್ಲಿ 2022ರ ಜೂನ್‌ನಲ್ಲಿ ರಾಕುಸ್ ಎಂಬ ಗಂಡಿನ ಕೆನ್ನೆಗೆ ಗಾಯವಾಗಿತ್ತು. ಅದು ಒಂದು ಬಳ್ಳಿಯ ಎಲೆ ಕಿತ್ತು, ನುಂಗದೆ ಅಗಿದು, ಆ ರಸವನ್ನು ಬೆರಳಿನಿಂದ ಗಾಯಕ್ಕೆ ಮತ್ತೆ ಮತ್ತೆ ಹಚ್ಚಿತು. ಕೊನೆಗೆ ಅಗಿದ ಎಲೆಯನ್ನೇ ಗಾಯದ ಮೇಲೆ ಮೆತ್ತಿತು. ಐದು ದಿನಕ್ಕೆ ಗಾಯ ಮುಚ್ಚಿತ್ತು, ತಿಂಗಳೊಳಗೆ ಮಸುಕಾದ ಕಲೆಯಷ್ಟೇ ಉಳಿದಿತ್ತು. ಅಲ್ಲಿನ ಜನ 'ಅಕಾರ್ ಕುನಿಂಗ್' ಎಂದು ಕರೆದು ಔಷಧಿಗೆ ಬಳಸುವ ಬಳ್ಳಿ ಅದು. ಈ ವರದಿ 2024ರ ಮೇ ತಿಂಗಳಲ್ಲಿ ಪ್ರಕಟವಾದಾಗ ನಾನು ಸಿಕ್ಕಸಿಕ್ಕವರಿಗೆಲ್ಲ ಓದಿ ಹೇಳಿದ್ದೇನೆ.

ಅದೇ ಸುವಾಕ್‌ನಲ್ಲಿ ನೀಸಿಯಾ ಎಂಬ ಮರವಿದೆ. ಅದರ ಕಾಯಿ ಹಣ್ಣಾಗಿ ಬಿರುಕು ಬಿಟ್ಟಾಗ ಒಳಗೆ ಕೊಬ್ಬು ತುಂಬಿದ ಬೀಜ ಕಾಣುತ್ತವೆ. ಆದರೆ ಸುತ್ತಲೂ ನಮ್ಮ ನಸಗುನ್ನಿ ಕಾಯಿಯ ಹಾಗೆ ಚುಚ್ಚುವ ರೋಮ. ಕೈ ಹಾಕಿದರೆ ಮುಗಿಯಿತು. ಸುವಾಕ್‌ನ ಒರಾಂಗುಟಾನ್‌ಗಳು ಸಣ್ಣ ಕಡ್ಡಿ ಮುರಿದು, ಸಿಪ್ಪೆ ಸುಲಿದು, ಬಾಯಲ್ಲಿ ಕಚ್ಚಿ ಹಿಡಿದು, ಬಿರುಕಿನೊಳಗೆ ಆಡಿಸಿ ರೋಮ ಕೆರೆದು ಹಾಕುತ್ತವೆ. ಆಮೇಲೆ ಬೀಜ ಎಬ್ಬಿಸಿ ತಿನ್ನುತ್ತವೆ. ದೊಡ್ಡ ನದಿಯ ಆಚೆಗಿನ ಕಾಡಿನಲ್ಲೂ ಇದೇ ಮರ ಇದೆ, ಒರಾಂಗುಟಾನ್ ಕೂಡ ಇವೆ. ಆದರೆ ಅಲ್ಲಿ ಕಡ್ಡಿಯ ಬಳಕೆ ಕಂಡಿಲ್ಲ. ಒರಾಂಗುಟಾನ್ ಅಷ್ಟು ದೊಡ್ಡ ನದಿಯನ್ನು ಈಜಿ ದಾಟುವುದಿಲ್ಲ, ಹಾಗಾಗಿ ಈಚೆಯ ವಿದ್ಯೆ ಆಚೆಗೆ ಹೋಗಿಲ್ಲ. ಅಂದರೆ ಈ ವಿದ್ಯೆ ರಕ್ತದಲ್ಲಿ ಬಂದದ್ದಲ್ಲ, ನೋಡಿ ಕಲಿತದ್ದು. ಇಲ್ಲಿಗೇ ನನ್ನ ಉತ್ತರ ಬಂದು ನಿಲ್ಲುತ್ತದೆ.

ಹೇಗೆ ಕಲಿಯುತ್ತವೆ? ಅಮ್ಮ ಏನಾದರೂ ತಿನ್ನುತ್ತಿದ್ದರೆ ಮರಿ ಅವಳ ಬಾಯಿಗೆ ಮೂಗು ತಾಗುವಷ್ಟು ಹತ್ತಿರ ಬಂದು ಕಣ್ಣು ಮಿಟುಕಿಸದೆ ನೋಡುತ್ತದೆ. ತಿನ್ನುವುದು ಕಷ್ಟದ ಆಹಾರವಾದರೆ ಇನ್ನೂ ಜಾಸ್ತಿ ಹೊತ್ತು ನೋಡುತ್ತದೆ. ನೋಡಿದ ಮೇಲೆ ತಾನೂ ಒಂದು ಕೈ ಹಾಕಿ ನೋಡುತ್ತದೆ. ಯಾವ ಹಣ್ಣು, ಯಾವ ತೊಗಟೆ, ಯಾವ ಚಿಗುರು, ಹಣ್ಣಿಲ್ಲದ ತಿಂಗಳಲ್ಲಿ ಏನು ತಿಂದು ದಿನ ದೂಡಬೇಕು, ಎಲ್ಲವನ್ನೂ ಹೀಗೇ ಕಲಿಯಬೇಕು. ದಿನಾ ಸಂಜೆ ಕೊಂಬೆ ಬಗ್ಗಿಸಿ, ಹೆಣೆದು, ಮೇಲೆ ಸೊಪ್ಪು ಹಾಸಿ ಮಲಗಲು ಗೂಡು ಕಟ್ಟುವುದನ್ನೂ ಕಲಿಯಬೇಕು. ಒಂದು ವರ್ಷ ತುಂಬುವ ಮೊದಲೇ ಮರಿ ಕೊಂಬೆ ಬಗ್ಗಿಸಿ ಆಟ ಆಡುತ್ತದೆ. ಗಟ್ಟಿ ಗೂಡು ಕಟ್ಟಲು ಮೂರ್ನಾಲ್ಕು ವರ್ಷವಾದರೂ ಬೇಕು. ಅಷ್ಟಾದರೂ ಹಾಲು ಬಿಡುವ ತನಕ ರಾತ್ರಿ ಮಲಗುವುದು ಅಮ್ಮನ ಗೂಡಿನಲ್ಲೇ.

ಅಪ್ಪ ಈ ಕೆಲಸದಲ್ಲಿ ಇಲ್ಲವೇ ಇಲ್ಲ. ಎಲ್ಲವೂ ಅಮ್ಮನ ಪಾಲು. ಹಾಗಾಗಿ ಮರಿಯಿಂದ ಮರಿಗೆ ಏಳರಿಂದ ಒಂಬತ್ತು ವರ್ಷದ ಅಂತರ. ನೆಲದ ಮೇಲಿನ ಸಸ್ತನಿಗಳಲ್ಲೇ ಇದು ಅತಿ ಉದ್ದದ ಅಂತರ. ಮೊದಲ ಮರಿ ಹುಟ್ಟುವುದು ಸುಮಾರು 15ನೇ ವಯಸ್ಸಿಗೆ. ಜೀವಮಾನದಲ್ಲಿ ನಾಲ್ಕೈದು ಮರಿ ಆದರೆ ಹೆಚ್ಚು. ಹುಟ್ಟಿದ ಮರಿಗಳಲ್ಲಿ ಬಹುಪಾಲು ಬದುಕಿ ಬೆಳೆಯುತ್ತವೆ, ಅದಕ್ಕೇ ಸಾವಿರಾರು ವರ್ಷ ಈ ಲೆಕ್ಕ ಸರಿಹೋಗಿತ್ತು.

ಈಗ ಸರಿಹೋಗುತ್ತಿಲ್ಲ. 1999ರಿಂದ 2015ರ ನಡುವೆ ಬೋರ್ನಿಯೋ ಒಂದರಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಒರಾಂಗುಟಾನ್ ಇಲ್ಲವಾದವು ಎಂದು 2018ರ ಒಂದು ಅಧ್ಯಯನ ಹೇಳುತ್ತದೆ. ಕಾಡು ಕಡಿದ ಜಾಗದಲ್ಲಿ ಇಳಿಕೆಯ ವೇಗ ಹೆಚ್ಚು, ಅದು ಗೊತ್ತಿರುವ ವಿಷಯ. ಆದರೆ ಸಂಖ್ಯೆಯಲ್ಲಿ ಹೆಚ್ಚು ಸತ್ತಿರುವುದು ಮರ ಇನ್ನೂ ನಿಂತಿರುವ ಕಾಡುಗಳಲ್ಲೇ. ಮಾಂಸಕ್ಕೆ ಕೊಲ್ಲುತ್ತಾರೆ, ತೋಟಕ್ಕೆ ಬಂತೆಂದು ಕೊಲ್ಲುತ್ತಾರೆ, ಮರಿ ಹಿಡಿಯಲು ತಾಯಿಯನ್ನು ಕೊಲ್ಲುತ್ತಾರೆ. ಹತ್ತು ವರ್ಷಕ್ಕೆ ಒಂದೆರಡು ಮರಿ ಹಾಕುವ ಪ್ರಾಣಿಯಲ್ಲಿ ವರ್ಷಕ್ಕೆ ನೂರಕ್ಕೆ ಒಂದನ್ನು ಕೊಂದರೂ ಆ ಗುಂಪು ಕರಗುತ್ತಾ ಹೋಗುತ್ತದೆ. ಸುಮಾತ್ರಾದ ಬಾತಾಂಗ್ ತೋರು ಕಾಡಿನ ತಪನುಲಿ ಒರಾಂಗುಟಾನ್ ಬೇರೆಯೇ ಪ್ರಭೇದ ಎಂದು 2017ರಲ್ಲಷ್ಟೇ ತಿಳಿಯಿತು. ತಿಳಿಯುವ ಹೊತ್ತಿಗೆ ಉಳಿದಿದ್ದವು 800ಕ್ಕಿಂತ ಕಡಿಮೆ.

"ಅನಾಥ ಮರಿಗಳನ್ನು ಸಾಕಿ ಕಾಡಿಗೆ ಬಿಟ್ಟರಾಯ್ತಲ್ಲ" ಅನ್ನುವವರೂ ಇದ್ದಾರೆ. ಆ ಕೆಲಸ ನಡೆಯುತ್ತಿದೆ, ನಡೆಸುವವರಿಗೆ ಕೈಮುಗಿಯಬೇಕು. ಮಲೇಷ್ಯಾದ ಸೆಪಿಲೋಕ್ ಕೇಂದ್ರ 1964ರಿಂದಲೂ ಇದೆ. ಇಂಡೊನೇಷ್ಯಾದ ನ್ಯಾರು ಮೆಂಟೆಂಗ್‌ನಲ್ಲಿ ಸಾಕುತಾಯಂದಿರು ಮರಿಗಳನ್ನು ಎತ್ತಿಕೊಂಡು ದಿನಾ ಕಾಡಿನ ಶಾಲೆಗೆ ಕರೆದೊಯ್ಯುತ್ತಾರೆ. ಮರ ಹತ್ತುವುದು, ಹಣ್ಣು ಹುಡುಕುವುದು, ಗೂಡು ಕಟ್ಟುವುದು, ಹಾವು ಕಂಡರೆ ಹೆದರುವುದು, ಎಲ್ಲಾ ಪಾಠ. ಆಮೇಲೆ ನದಿಯ ನಡುವಿನ ದ್ವೀಪದಲ್ಲಿ ಬಿಟ್ಟು ನೋಡುತ್ತಾರೆ. ಒಂದು ಮರಿ ತಯಾರಾಗಲು ಏಳೆಂಟು ವರ್ಷ ಹಿಡಿಯುತ್ತದೆ, ಅಮ್ಮನಿಗೆ ಹಿಡಿಯುವಷ್ಟೇ. ಇಷ್ಟೆಲ್ಲ ಆದಮೇಲೂ ಬಿಡಲು ಕಾಡು ಬೇಕಲ್ಲ?

ಇಲ್ಲಿ ನಮ್ಮ ಅಡುಗೆಮನೆ ಬರುತ್ತದೆ. ಒರಾಂಗುಟಾನ್ ಇರುವ ಕಾಡು ಕಡಿದು ತಾಳೆ ಎಣ್ಣೆಯ (ಪಾಮ್ ಆಯಿಲ್) ತೋಟ ಮಾಡುತ್ತಾರೆ. ಜಗತ್ತಿನಲ್ಲಿ ಅತಿ ಹೆಚ್ಚು ತಾಳೆ ಎಣ್ಣೆ ತರಿಸಿಕೊಳ್ಳುವ ದೇಶ ಭಾರತ. ಅದರಲ್ಲಿ ಹೆಚ್ಚಿನದು ಬರುವುದು ಇಂಡೊನೇಷ್ಯಾ, ಮಲೇಷ್ಯಾದಿಂದ. ಚಿಪ್ಸ್, ಮಿಕ್ಸ್ಚರ್, ಬಿಸ್ಕತ್ತಿನ ಪ್ಯಾಕೆಟ್ ಹಿಂಭಾಗ ಓದಿ, ಪಾಮೋಲಿನ್ ಅಂತ ಸಿಗುತ್ತದೆ. ಹಾಗಂತ ಪೂರ್ತಿ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಅಷ್ಟೇ ಜಾಗದಲ್ಲಿ ತಾಳೆ ಕೊಡುವಷ್ಟು ಎಣ್ಣೆ ಬೇರೆ ಯಾವ ಬೆಳೆಯೂ ಕೊಡುವುದಿಲ್ಲ. ಎಲ್ಲರೂ ಸೋಯಾಗೆ ತಿರುಗಿದರೆ ಇನ್ನೂ ಹೆಚ್ಚು ನೆಲ ಬೇಕಾಗುತ್ತದೆ. ಕೇಳಬೇಕಾದದ್ದು ಹೊಸದಾಗಿ ಕಾಡು ಕಡಿಯದೆ ಬೆಳೆದ ಎಣ್ಣೆಯನ್ನು. ಇಂಡೊನೇಷ್ಯಾ 2011ರಲ್ಲಿ ಮೂಲ ಕಾಡು ಮತ್ತು ಜೌಗು ನೆಲದಲ್ಲಿ ಹೊಸ ಪರವಾನಗಿಗೆ ತಡೆ ಹಾಕಿತು, 2019ರಲ್ಲಿ ಅದನ್ನು ಕಾಯಂ ಮಾಡಿತು. ಕೊಳ್ಳುವ ದೇಶಗಳು ಒತ್ತಾಯ ಮಾಡಿದಷ್ಟೂ ಇಂಥ ನಿಯಮಗಳಿಗೆ ಬಲ ಬರುತ್ತದೆ. ಅತಿ ದೊಡ್ಡ ಗಿರಾಕಿಯಾದ ನಾವು ಈ ವಿಷಯದಲ್ಲಿ ಬಾಯಿ ಬಿಟ್ಟಿರುವುದು ತೀರಾ ಕಡಿಮೆ.

ಇನ್ನೊಂದು ಮಾತು. ಒರಾಂಗುಟಾನ್ ಮರಿಗೆ ಅಂಗಿ, ಡೈಪರ್ ತೊಡಿಸಿ ಮನೆಯಲ್ಲಿ ಆಟ ಆಡಿಸುವ ವಿಡಿಯೊಗಳು ವಾಟ್ಸಾಪ್‌ನಲ್ಲಿ ಬರುತ್ತಿರುತ್ತವೆ. ಎಂಟು ವರ್ಷ ತನ್ನನ್ನು ಬಿಟ್ಟಿರದ ಮರಿಯನ್ನು ಯಾವ ತಾಯಿಯೂ ಸುಮ್ನೆ ಕೊಟ್ಟಿರುವುದಿಲ್ಲ. ದಯವಿಟ್ಟು ಅಂಥದ್ದನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ.