ಬಂದ ಮೇಲೆ ಬನ್ನಿ

ಸೋಮವಾರ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಅಮ್ಮನ ಚೀಟಿಗೆ ಕ್ಯೂ ನಿಂತಿದ್ದೆ. ನನ್ನ ಮುಂದೆ ಬೈಲುಕುಪ್ಪೆ ಕ್ಯಾಂಪಿನ ಒಬ್ಬ ಟಿಬೆಟನ್ ಅಜ್ಜಿ, ಜೊತೆಗೆ ಮೊಮ್ಮಗ. ಹುಡುಗನ ಕನ್ನಡ ಥೇಟ್ ಪಿರಿಯಾಪಟ್ಟಣದ ಕನ್ನಡ. ರಿಯಾಯಿತಿಗೆ ಅಂತ ಅಜ್ಜಿಯ ಪುಸ್ತಕ ಕೊಟ್ಟ. ಕೌಂಟರಿನವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಇದೇನಪ್ಪಾ, ಪಾಸ್‌ಪೋರ್ಟಾ?”

“ಅಲ್ಲ ಸರ್, ಆರ್‌ಸಿ. ಟಿಬೆಟಿನೋರಿಗೆ ಸರ್ಕಾರ ಕೊಡೋ ನೋಂದಣಿ ಪುಸ್ತಕ.”

“ಡೇಟ್ ಮುಗಿದಿದೆಯಲ್ಲ.”

“ರಿನ್ಯೂಗೆ ಹಾಕಿದೀವಿ ಸರ್, ರಸೀದಿ ಇದೆ.”

“ಬಂದ ಮೇಲೆ ಬನ್ನಿ.”

ಅಜ್ಜಿ ಒಂದು ಮಾತೂ ಆಡಲಿಲ್ಲ. ಪೂರ್ತಿ ದುಡ್ಡು ಎಣಿಸಿ ಕೊಟ್ಟರು. ಆ “ಬಂದ ಮೇಲೆ ಬನ್ನಿ” ಇನ್ನೂ ನನ್ನ ಕಿವಿಯಲ್ಲೇ ಇದೆ.

ಕೌಂಟರಿನವರು ಕೆಟ್ಟವರಲ್ಲ. ದನಿ ಏರಿಸಲಿಲ್ಲ, ಅಜ್ಜಿಗೆ ಕೂರಲು ಕುರ್ಚಿಯನ್ನೂ ತೋರಿಸಿದರು. ಆ ಪುಸ್ತಕ ಏನು ಅಂತ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೆ. ನನಗೆ ಸಿಟ್ಟಿರುವುದು ಹೇಳಿಕೊಡಬೇಕಾದವರ ಮೇಲೆ.

ದಲೈ ಲಾಮಾ ಭಾರತಕ್ಕೆ ಬಂದದ್ದು 1959ರಲ್ಲಿ. ಅದಾದ ಒಂದೆರಡು ವರ್ಷದೊಳಗೆ ಆಗಿನ ಮೈಸೂರು ಸರ್ಕಾರ ನಿರಾಶ್ರಿತರಾಗಿ ಬಂದ ಟಿಬೆಟನ್ನರಿಗೆ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಕಾಡು ಕಡಿದು, ಆನೆ ಕಾಟ ತಡೆದುಕೊಂಡು, ಇಲ್ಲಿನ ಬಿಸಿಲಿಗೆ ಒಗ್ಗಿಕೊಂಡು ಜೋಳ ಬೆಳೆದವರ ತಲೆಮಾರು ಈ ಅಜ್ಜಿಯದು. ಅಂದು ಬೇಕಿದ್ದದ್ದು ನೆಲ, ಸೂರು, ಶಾಲೆ. ಅದು ಸಿಕ್ಕಿತು, ಆ ವಿಷಯದಲ್ಲಿ ನಮ್ಮ ರಾಜ್ಯದ ಬಗ್ಗೆ ನನಗೆ ನಿಜಕ್ಕೂ ಹೆಮ್ಮೆ ಇದೆ. ಈಗ ಅವರಿಗೆ ವಯಸ್ಸಾಗಿದೆ. ಮಂಡಿ ನೋವು, ಬಿಪಿ, ಸಕ್ಕರೆ ಕಾಯಿಲೆ. ಊರು ಬಿಟ್ಟು ಬಂದ ಸಂಕಟವೂ ವಯಸ್ಸಾದ ಮೇಲೆ ಮತ್ತೆ ಎದ್ದು ಬರುತ್ತದೆ. ಅದನ್ನು ಅವರ ಮಾತಿನಲ್ಲೇ ಕೇಳುವವರು ದೊಡ್ಡಾಸ್ಪತ್ರೆಗಳಲ್ಲಿ ಎಷ್ಟು ಜನ ಇದ್ದಾರೆ ಹೇಳಿ.

ನಮ್ಮಲ್ಲಿ ನಿರಾಶ್ರಿತರಿಗೆ ಅಂತಲೇ ಒಂದು ಕಾನೂನಿಲ್ಲ. 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೂ ಭಾರತ ಸಹಿ ಹಾಕಿಲ್ಲ. ಹಾಗಾಗಿ ಎಲ್ಲವೂ ಆದೇಶ, ಸುತ್ತೋಲೆಗಳ ಮೇಲೆ ನಡೆಯುತ್ತದೆ. ಕೇಂದ್ರ 2014ರಲ್ಲಿ ಟಿಬೆಟನ್ ಪುನರ್ವಸತಿ ನೀತಿ ತಂದು, ಸರ್ಕಾರಿ ಯೋಜನೆಗಳ ಲಾಭ ಇವರಿಗೂ ತಲುಪಲಿ ಅಂತ ರಾಜ್ಯಗಳಿಗೆ ಹೇಳಿತು. ದೆಹಲಿಯಲ್ಲಿ ಬರೆದ ಆ ಕಾಗದ ಈ ಕೌಂಟರಿಗೆ ಬಂದಿಲ್ಲ ಅಂದ್ರೆ ಅಜ್ಜಿಗೆ ಏನು ಉಪಯೋಗ?

ದೊಡ್ಡ ಖರ್ಚಿನ ಕೆಲಸವೇನೂ ಬೇಡ. ಆರ್‌ಸಿ ಹೇಗಿರುತ್ತದೆ ಅಂತ ತೋರಿಸುವ ಒಂದು ಹಾಳೆಯನ್ನು ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು, ಮೈಸೂರಿನ ಆಸ್ಪತ್ರೆ ಕೌಂಟರುಗಳಲ್ಲಿ ಅಂಟಿಸಲಿ. ರಿನ್ಯೂ ಆಗುವ ತನಕ ರಸೀದಿಯನ್ನೇ ಒಪ್ಪಿಕೊಳ್ಳಲಿ. ವಾರಕ್ಕೊಂದು ದಿನವಾದರೂ ಟಿಬೆಟನ್ ಬಲ್ಲ ಒಬ್ಬರನ್ನು ಅಲ್ಲಿ ಕೂರಿಸಲಿ. ಆ ಹುಡುಗನಂಥವರು ಕ್ಯಾಂಪಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಸಂಬಳ ಕೊಟ್ಟು ಕರೆಯಬೇಕು, ಅಷ್ಟೆ.