ದೊಡ್ಡಮ್ಮನ ಕೊಟ್ಟಿಗೆ

ದೊಡ್ಡಮ್ಮ ಇಲ್ಲದ ಮೊದಲ ದೀಪಾವಳಿ ಇದು. ನಮ್ಮ ಮಲೆನಾಡಿನ ಕಡೆ ಬಲಿಪಾಡ್ಯಮಿ ಅಂದ್ರೆ ಗೋಪೂಜೆ. ಹಿಂದಿನ ರಾತ್ರಿಯೇ ಕೂತು ಅಡಿಕೆ, ಪಚ್ಚೆತೆನೆ, ಚೆಂಡುಹೂವು ಸೇರಿಸಿ ದನಗಳಿಗೆ ಹಾರ ಕಟ್ಟುತ್ತಿದ್ದರು. ಮುದಿ ಹಸುವಿಗೆ ಮಾತ್ರ ಹಗುರದ ಹಾರ. ಕುತ್ತಿಗೆ ನೋಯಬಾರದು ಅಲ್ವಾ!

ಎಲ್ಲವೂ ಮಲೆನಾಡು ಗಿಡ್ಡ ತಳಿಯವು. ಹಾಲು ಕೊಡೋದೇ ಕಡಿಮೆ. ಸುಮ್ನೆ ಮಾರಿಬಿಡಿ ಅಂದವರಿಗೆ, "ಹಾಲಿಗೋಸ್ಕರ ಸಾಕಿದ್ದಾ ನಾನು?" ಅಂತ ಕೇಳುತ್ತಿದ್ದರು.

ಮಧ್ಯಾಹ್ನ ಅಕ್ಕಚ್ಚಿನ ಬಕೆಟ್ ಹಿಡಿದು ಹೊರಟರೆ ಹಿಂದೆ ನಾಯಿ, ಅದರ ಹಿಂದೆ ಬೆಕ್ಕು. ಬೆರಳದ್ದಿ ಬಿಸಿ ನೋಡಿಯೇ ಕರುವಿನ ಮುಂದಿಡುತ್ತಿದ್ದರು. ಅಂಥ ತಾಳ್ಮೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮ್ಮನ್ನೂ ಹಾಗೇ ಸಾಕಿದರು ದೊಡ್ಡಮ್ಮ. ತುಂಬಾ ನೆನಪಾಗುತ್ತಿದ್ದಾರೆ.