ಕರಾರಿನ ಪುಸ್ತಕ, ಬಜೆಟ್ ಪುಸ್ತಕ: ಎರಡನ್ನೂ ಒಟ್ಟಿಗೆ ತೆರೆದಾಗ

ಕರಾರು ಕಾಯ್ದೆ ಕಾನೂನು ಓದುವವರಿಗೆ, ಆಯವ್ಯಯ ಅರ್ಥಶಾಸ್ತ್ರ ಓದುವವರಿಗೆ ಎಂದು ಪಠ್ಯಪುಸ್ತಕಗಳು ಭಾಗ ಮಾಡಿಕೊಂಡಿವೆ. ಆದರೆ ಸರ್ಕಾರಿ ಕಾಮಗಾರಿಯ ಒಂದು ಕಡತ ಬಿಚ್ಚಿದರೆ ಸಾಕು, ಎರಡೂ ಬೇಕಾಗುತ್ತವೆ.

ಮೊದಲು ಪುಸ್ತಕ ಹಳೆಯದೋ ಹೊಸದೋ ನೋಡಿ. ಕರಾರಿನ ಪುಸ್ತಕದಲ್ಲಿ ನಿರ್ದಿಷ್ಟ ಪರಿಹಾರದ ಅಧ್ಯಾಯ ತೆಗೆಯಿರಿ. ಕರಾರನ್ನು ಹೇಳಿದಂತೆಯೇ ನೆರವೇರಿಸಬೇಕೆಂದು ಆದೇಶಿಸುವುದು ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು ಎಂದಷ್ಟೇ ಅಲ್ಲಿದ್ದರೆ, ಅದು ಆ ವಿವೇಚನೆಯನ್ನು ಮೊಟಕುಗೊಳಿಸಿ 2018ರ ಅಕ್ಟೋಬರ್ 1ರಂದು ಜಾರಿಗೆ ಬಂದ ತಿದ್ದುಪಡಿಗೂ ಹಿಂದಿನ ಪುಸ್ತಕ. ಬಜೆಟ್ ಪುಸ್ತಕದಲ್ಲಿ 'ಯೋಜನಾ ವೆಚ್ಚ, ಯೋಜನೇತರ ವೆಚ್ಚ' ಎಂಬ ವಿಂಗಡಣೆ, ಪ್ರತ್ಯೇಕ ರೈಲ್ವೆ ಬಜೆಟ್ ಇನ್ನೂ ಇದ್ದರೆ ಅದು 2017-18ಕ್ಕಿಂತ ಹಿಂದಿನದು. ಇನ್ನೊಂದು ಮಾತು: ಕರಾರು ಕಾಯ್ದೆಯ ಮೂಲಪಠ್ಯವಷ್ಟೇ ಇರುವ ಬೇರ್ ಆಕ್ಟ್‌ನಲ್ಲಿ ಸೆಕ್ಷನ್ 75 ಆದ ಕೂಡಲೇ 124 ಬರುತ್ತದೆ. ಹಾಳೆ ಕಳೆದಿಲ್ಲ. 76ರಿಂದ 123ರವರೆಗಿನ ಭಾಗ 1930ರ ಸರಕು ಮಾರಾಟ ಕಾಯ್ದೆಗೆ ಹೋಯಿತು, 239ರಿಂದ 266ರವರೆಗಿನದು 1932ರ ಪಾಲುದಾರಿಕೆ ಕಾಯ್ದೆಗೆ.

ಓದುವಾಗ ಬೇರ್ ಆಕ್ಟ್ ಮುಂದೆ, ಪಠ್ಯಪುಸ್ತಕ ಹಿಂದೆ ಇರಲಿ. ಕಾರಣ ಸೆಕ್ಷನ್ 2(ಡಿ)ಯಲ್ಲೇ ಇದೆ. ಪ್ರತಿಫಲವನ್ನು, ಅಂದರೆ ವಚನಕ್ಕೆ ಬದಲಾಗಿ ಕೊಡುವುದನ್ನು, ವಚನ ಪಡೆದವನು 'ಅಥವಾ ಬೇರೆ ಯಾರಾದರೂ' ಕೊಡಬಹುದು ಎನ್ನುತ್ತದೆ ಅದು. ಪ್ರತಿಫಲ ವಚನ ಪಡೆದವನಿಂದಲೇ ಬರಬೇಕು ಎಂಬುದು ಇಂಗ್ಲೆಂಡಿನ ನಿಯಮ. ಅನೇಕ ಪುಸ್ತಕಗಳು ಇಂಗ್ಲಿಷ್ ಪ್ರಕರಣಗಳಿಂದಲೇ ಶುರುವಾಗುವುದರಿಂದ ವಿದ್ಯಾರ್ಥಿ ಆ ನಿಯಮವನ್ನೇ ಉತ್ತರದಲ್ಲಿ ಬರೆದು ಬರುತ್ತಾನೆ. 1882ರ ಚಿನ್ನಯ್ಯ-ರಾಮಯ್ಯ ಪ್ರಕರಣ ನೋಡಿ: ತಾಯಿ ಮಗಳಿಗೆ ಆಸ್ತಿ ಕೊಟ್ಟಳು, ಮಗಳು ತಾಯಿಯ ಕಡೆಯವರಿಗೆ ವರ್ಷಾಶನ ಕೊಡುವುದಾಗಿ ಬರೆದುಕೊಟ್ಟಳು. ಹಣ ಪಡೆಯಬೇಕಾದವರು ಏನೂ ಕೊಟ್ಟಿರಲಿಲ್ಲ, ಆದರೂ ಗೆದ್ದರು. 'ಅಥವಾ ಬೇರೆ ಯಾರಾದರೂ' ಎಂಬ ಆ ಮೂರು ಪದಗಳ ಕೆಳಗೆ ಗೆರೆ ಎಳೆದುಕೊಳ್ಳದೆ ಮುಂದಿನ ಅಧ್ಯಾಯಕ್ಕೆ ಹೋಗಬೇಡಿ.

ಬಜೆಟ್ ಪುಸ್ತಕಗಳು ಕೊರತೆಗಳ ವ್ಯಾಖ್ಯೆಯಲ್ಲೇ ಹತ್ತಾರು ಪುಟ ಕಳೆದು, ಲೆಕ್ಕ ಶೀರ್ಷಿಕೆಯನ್ನು (ಪ್ರತಿ ಜಮೆ-ಖರ್ಚಿಗೆ ಕೊಡುವ ಸಂಖ್ಯೆ) ಅನುಬಂಧಕ್ಕೆ ತಳ್ಳುತ್ತವೆ. ನನ್ನನ್ನು ಕೇಳಿದರೆ ಅದೇ ಮೊದಲ ಪಾಠವಾಗಬೇಕು. ಪ್ರಧಾನ ಶೀರ್ಷಿಕೆಗೆ ನಾಲ್ಕು ಅಂಕಿ, ಮೊದಲ ಅಂಕಿಯೇ ಜಾತಕ ಹೇಳುತ್ತದೆ: 0 ಅಥವಾ 1 ಆದರೆ ರಾಜಸ್ವ ಜಮೆ, 2 ಅಥವಾ 3 ರಾಜಸ್ವ ವೆಚ್ಚ, 4 ಅಥವಾ 5 ಬಂಡವಾಳ ವೆಚ್ಚ, 6 ಅಥವಾ 7 ಸಾಲ, 8 ಸಾದಿಲ್ವಾರು (ಅನಿರೀಕ್ಷಿತ ಖರ್ಚಿನ) ನಿಧಿ ಮತ್ತು ಸಾರ್ವಜನಿಕ ಲೆಕ್ಕ. ಶಿಕ್ಷಣದ ಜಮೆ 0202ರಲ್ಲಿ, ಶಿಕ್ಷಕರ ಸಂಬಳ 2202ರಲ್ಲಿ, ಶಾಲಾ ಕಟ್ಟಡ 4202ರಲ್ಲಿ, ಶಿಕ್ಷಣಕ್ಕೆ ಕೊಟ್ಟ ಸಾಲ 6202ರಲ್ಲಿ. ಎರಡೆರಡು ಸಾವಿರ ಕೂಡಿಸುತ್ತಾ ಹೋದರಾಯಿತು. ರಸ್ತೆ ದುರಸ್ತಿ 3054, ಹೊಸ ರಸ್ತೆ 5054. ದುರಸ್ತಿಯನ್ನು 5054ರಲ್ಲಿ ಬರೆದರೆ ರಾಜಸ್ವ ಜಮೆಗಿಂತ ರಾಜಸ್ವ ವೆಚ್ಚ ಎಷ್ಟು ಹೆಚ್ಚೆಂದು ಹೇಳುವ ರಾಜಸ್ವ ಕೊರತೆ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ, ಬಂಡವಾಳ ವೆಚ್ಚವನ್ನೂ ಸೇರಿಸಿ ಲೆಕ್ಕ ಹಾಕುವ ವಿತ್ತೀಯ ಕೊರತೆ ಮಾತ್ರ ಇದ್ದಲ್ಲೇ ಇರುತ್ತದೆ. ವ್ಯಾಖ್ಯೆ ಉರು ಹೊಡೆದವರಿಗೆ ಇದು ಕಣ್ಣಿಗೆ ಬೀಳುವುದಿಲ್ಲ.

ಈಗ ಎರಡೂ ಪುಸ್ತಕ ಸೇರುವ ಜಾಗಕ್ಕೆ ಬರೋಣ. ಇಬ್ಬರು ಖಾಸಗಿ ವ್ಯಕ್ತಿಗಳ ಕರಾರಿಗೆ ಸಿಂಧು ಕರಾರಿನ ಸಾಮಾನ್ಯ ಷರತ್ತು ಹೇಳುವ ಸೆಕ್ಷನ್ 10 ಸಾಕು. ಬಾಯಿಮಾತಿನ ಕರಾರೂ ಸಾಮಾನ್ಯವಾಗಿ ನಿಲ್ಲುತ್ತದೆ. ಸರ್ಕಾರದ ಕರಾರಿಗೆ ಸಂವಿಧಾನದ 299ನೇ ವಿಧಿಯೂ ಬೇಕು: ರಾಷ್ಟ್ರಪತಿ ಅಥವಾ ರಾಜ್ಯಪಾಲರ ಹೆಸರಿನಲ್ಲಿ ವ್ಯಕ್ತವಾಗಿರಬೇಕು, ಅವರ ಪರವಾಗಿ, ಅಧಿಕಾರ ಪಡೆದವರೇ ಸಹಿ ಮಾಡಿರಬೇಕು. ಒಂದು ತಪ್ಪಿದರೂ ಆ ಕರಾರಿನ ಮೇಲೆ ದಾವೆ ನಿಲ್ಲುವುದಿಲ್ಲ. ಆಗ ಕೈಹಿಡಿಯುವುದು ಸೆಕ್ಷನ್ 70. ಕೆಲಸ ಕಾನೂನುಬದ್ಧವಾಗಿರಬೇಕು, ಪುಕ್ಕಟೆ ಮಾಡುವ ಉದ್ದೇಶ ಇರಬಾರದು, ಎದುರಿನವರು ಅದರ ಪ್ರಯೋಜನ ಅನುಭವಿಸಿರಬೇಕು. ಪಶ್ಚಿಮ ಬಂಗಾಳದ ಬಿ.ಕೆ. ಮಂಡಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಕಟ್ಟಡ ಕಟ್ಟಿಸಿಕೊಂಡು ಬಳಸಿದ ಮೇಲೆ ಹಣ ಕೊಡಬೇಕು. ಸಿಗುವುದು ಕರಾರಿನ ದರವಲ್ಲ, ನ್ಯಾಯಯುತ ಪರಿಹಾರ. ಈ ವ್ಯತ್ಯಾಸವನ್ನು ಮರೆತು 'ಸೆಕ್ಷನ್ 70 ಇದೆಯಲ್ಲ' ಎಂದು ಕಾಗದಪತ್ರದಲ್ಲಿ ಉದಾಸೀನ ಮಾಡುವುದು ತುಂಬಾ ತಪ್ಪು.

ಕರಾರು ಸರಿಯಿದ್ದರೂ ಹಣ ತಾನಾಗಿ ಬರುವುದಿಲ್ಲ. 266(3)ನೇ ವಿಧಿಯಂತೆ ಕಾನೂನಿನ ಅನುಮತಿಯಿಲ್ಲದೆ ಸಂಚಿತ ನಿಧಿಯಿಂದ (ಸರ್ಕಾರದ ಮುಖ್ಯ ಖಜಾನೆ) ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ. ಧನವಿನಿಯೋಗದ, ಅಂದರೆ ಆ ನಿಧಿಯಿಂದ ಹಣ ತೆಗೆಯುವ, ಅನುಮತಿ ಮಾರ್ಚ್ 31ಕ್ಕೆ ಮುಗಿಯುತ್ತದೆ, ಮೂರು ವರ್ಷದ ಕಾಮಗಾರಿಗೆ ಮೂರು ಸಲವೂ ಅವಕಾಶ ಮಾಡಬೇಕು. ಎರಡನೇ ವರ್ಷದ ಅಂದಾಜಿನಲ್ಲಿ ಅದು ಬಿಟ್ಟುಹೋದರೆ ಬಿಲ್ಲು ವರ್ಷದ ನಡುವೆ ಮಂಡಿಸುವ ಪೂರಕ ಅಂದಾಜಿಗಾಗಿ ಕಾಯುತ್ತಾ ಕೂರುತ್ತದೆ. ಹಾಗೆಂದು ಗುತ್ತಿಗೆದಾರನ ಹಕ್ಕು ಸಾಯುವುದಿಲ್ಲ. ಆತ ಕೋರ್ಟಿಗೋ ಮಧ್ಯಸ್ಥಿಕೆಗೋ ಹೋಗಿ ಗೆದ್ದರೆ ಅದೇ ಹಣದ ಜಾತಿ ಬದಲಾಗುತ್ತದೆ. ಕೇಂದ್ರದಲ್ಲಿ 112(3)(ಎಫ್), ರಾಜ್ಯದಲ್ಲಿ 202(3)(ಇ) ಪ್ರಕಾರ ಕೋರ್ಟಿನ ಡಿಕ್ರಿ ಅಥವಾ ಮಧ್ಯಸ್ಥಿಕೆಯ ಐತೀರ್ಪಿನ ಮೊತ್ತ ಪ್ರಭೃತ ವೆಚ್ಚ, ಅಂದರೆ ಮತಕ್ಕೆ ಒಳಪಡದೆ ನೇರವಾಗಿ ಸಂಚಿತ ನಿಧಿಯ ಮೇಲೆ ಬೀಳುವ ವೆಚ್ಚ. ಶಾಸನಸಭೆ ಅದರ ಬಗ್ಗೆ ಚರ್ಚಿಸಬಹುದು, ಮತಕ್ಕೆ ಹಾಕುವಂತಿಲ್ಲ. ಧನವಿನಿಯೋಗ ಮಸೂದೆಯಲ್ಲಿ ಮಾತ್ರ ಅದೂ ಸೇರಲೇಬೇಕು. ಆದ್ದರಿಂದ ಇಲಾಖೆಯ ಕಾಮಗಾರಿ ವೆಚ್ಚ ಲೆಕ್ಕ ಹಾಕುವವರು ಅನುದಾನ ಬೇಡಿಕೆಗಳ ಪುಸ್ತಕದಲ್ಲಿ ಪುರಸ್ಕೃತ (ಮತಕ್ಕೆ ಹಾಕುವ) ಮೊತ್ತದ ಕೆಳಗೆ ಪ್ರಭೃತ ಎಂದು ಬೇರೆಯಾಗಿ ತೋರಿಸಿದ ಮೊತ್ತವನ್ನೂ ಕೂಡಿಸಿಕೊಳ್ಳಬೇಕು.